ಏಳನೇ ಮಾದರಿಯ ಕಿಂಡಿ

ಜುವಾಕಿಂ ಮಸ್ಕರೇನಸ್ ಅವರದು ಗೆರೆ ಎಳೆಯುವ ಕೆಲಸ. ಆರ್ಕಿಟೆಕ್ಟ್ ಅಲ್ಲ, ಇಂಜಿನಿಯರ್ ಅಲ್ಲ, ಡ್ರಾಫ್ಟ್ಸ್‌ಮನ್. ಒಬ್ಬರು ಯೋಚಿಸಿದ್ದನ್ನು ಇನ್ನೊಬ್ಬರು ಕಟ್ಟಬೇಕಾದರೆ ನಡುವೆ ಯಾರಾದರೂ ಕೂತು ಅಳತೆ ಹಾಕಿ ಬಿಡಿಸಬೇಕಲ್ಲ, ಆ ಮನುಷ್ಯ. ದುಬೈಯಲ್ಲಿ ಅವರು ಬಿಡಿಸಿದ ಕಟ್ಟಡಗಳು ನೂರಕ್ಕೂ ಮೇಲಿರಬಹುದು. ಒಂದರ ಮೇಲೂ ಅವರ ಹೆಸರಿಲ್ಲ. ನಕ್ಷೆಯ ಮೂಲೆಯಲ್ಲಿ, ಬಿಡಿಸಿದವರು ಯಾರು ಎಂದು ಬರೆಯುವ ಚಿಕ್ಕ ಚೌಕದಲ್ಲಿ ಜೆ.ಎಂ. ಎಂದು ಎರಡಕ್ಷರ ಇರುತ್ತದೆ, ಅಷ್ಟೇ.

ನಾನು ಸ್ವರ್ಣಲತಾ, ಕಾಪುವಿನವಳು. ಅದೇ ಆಫೀಸಿನಲ್ಲಿ ಇಪ್ಪತ್ತೊಂದು ವರ್ಷದಿಂದ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಇಷ್ಟೇ: ನಕ್ಷೆಗಳಿಗೆ ನಂಬರು ಕೊಡುವುದು, ಕಳಿಸುವುದು, ಬಂದದ್ದನ್ನು ಜೋಡಿಸಿಡುವುದು, ಹಳೆಯದನ್ನು ಹುಡುಕಿ ಕೊಡುವುದು. ಯಾವ ಕಾಗದ ಎಲ್ಲಿದೆ ಎಂದು ನನಗೊಬ್ಬಳಿಗೇ ಗೊತ್ತು ಎಂಬ ಜಂಬವೂ ನನಗಿತ್ತು. ಇದು ಜುವಾಕಿಮರ ಕಥೆ. ಆದರೆ ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಲು ಎನ್ನುತ್ತಾರೆ. ನಾನೂ ಅವರನ್ನು ಹಾಗೇ ಕರೆಯುವುದು. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ಮಂಗಳೂರಿನ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ.

ಪೊರ್ಬುಲು ಈ ದೇಶಕ್ಕೆ ಬಂದದ್ದು ತೊಂಬತ್ತೊಂದರಲ್ಲಿ, ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಪ್ರಿಂಟಿಂಗ್ ಅಂಗಡಿಗೆ. ಆಗ ನಕ್ಷೆಗಳ ನಕಲು ತೆಗೆಯುತ್ತಿದ್ದದ್ದು ಅಮೋನಿಯಾ ಹಾಕುವ ಯಂತ್ರದಲ್ಲಿ. ದಿನವಿಡೀ ಕಣ್ಣು ಉರಿಯುತ್ತಿತ್ತಂತೆ. ನಕಲು ತೆಗೆಯುತ್ತ ತೆಗೆಯುತ್ತ ಇವರು ನಕ್ಷೆ ಓದಲು ಕಲಿತರು, ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಬಿಡಿಸಲು ಕಲಿತರು. ಇಂಕಿನ ಗೆರೆ ತಪ್ಪಿದರೆ ಟ್ರೇಸಿಂಗ್ ಪೇಪರನ್ನು ಹರಿಯದ ಹಾಗೆ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಆ ಕೈ ಅವರಿಗೆ ಒಲಿದಿತ್ತು. ಅದನ್ನು ನೋಡಿ ದುಬೈಗೆ ಕರೆದುಕೊಂಡು ಬಂದವರು ನಮ್ಮ ಕಂಪನಿಯನ್ನು ಕಟ್ಟಿದ ಮೊಯ್ದಿನಬ್ಬ ಹಾಜಿ, ಉಳ್ಳಾಲದ ಕಡೆಯ ಬ್ಯಾರಿ. ಹಾಜಿಯವರು ಈಗಿಲ್ಲ. ಮಗ ಇಮ್ತಿಯಾಜ್ ನಡೆಸುತ್ತಿದ್ದಾರೆ.

ತೊಂಬತ್ತೇಳರಲ್ಲಿ ಹಾಜಿಯವರಿಗೆ ಒಂದು ಕೆಲಸ ಸಿಕ್ಕಿತು. ದುಬೈಯ ಕ್ರೀಕ್ ಎಂಬ ಹಿನ್ನೀರಿನ ಹತ್ತಿರದ ಹಳೇ ಪೇಟೆಯಲ್ಲಿ ಬಿದ್ದುಹೋಗಿದ್ದ ಒಬ್ಬ ವ್ಯಾಪಾರಿಯ ಮನೆಯನ್ನು ಮೊದಲಿನಂತೆಯೇ ಮತ್ತೆ ಕಟ್ಟಿಕೊಡಬೇಕು. ಮನೆಯ ಎರಡು ಹಳೆಯ ಫೋಟೋ ಇತ್ತು. ಗೋಪುರ, ಬಾಗಿಲು, ಅಂಗಳ ಎಲ್ಲ ಅದರಲ್ಲಿ ಕಾಣುತ್ತಿತ್ತು. ಕಾಣದೇ ಇದ್ದದ್ದು ಒಂದೇ: ಗೋಡೆಯ ಮೇಲ್ಭಾಗದಲ್ಲಿ ಗಾಳಿಗಾಗಿ ಬಿಡುವ ಜಿಪ್ಸಮ್ಮಿನ ಕಿಂಡಿಗಳ ಚಿತ್ತಾರ. ಫೋಟೋದಲ್ಲಿ ಆ ಜಾಗ ಬರೀ ಕಪ್ಪು. ರಂಜಾನಿನ ಮೊದಲು ಮುಗಿಯಬೇಕು ಎಂದು ಮಾಲೀಕರ ಒತ್ತಡ. ಕಿಂಡಿಗೆ ಎಂತ ಹಾಕುವುದು ಎಂದು ಇವರು ಕೇಳಿದ್ದಕ್ಕೆ ಹಾಜಿಯವರು, "ಎಂತಾದ್ರೂ ಒಂದು ಹಾಕು ಮಾರಾಯ, ಚಂದ ಕಂಡ್ರೆ ಆಯ್ತು" ಎಂದರಂತೆ.

ಇವರು ಹಾಕಿದ್ದು ಗೇರುಬೀಜ.

ಪೊರ್ಬುಲರ ತಾಯಿ ಮಂಗಳೂರಿನ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಇವರು ಫ್ಯಾಕ್ಟರಿಯ ಹೊರಗೋಡೆಯ ಕೆಳಗೆ ಕೂತು ಕಾಯಬೇಕಿತ್ತು. ಆ ಗೋಡೆಯಲ್ಲಿ ಗಾಳಿಯಾಡಲೆಂದು ಕೂರಿಸಿದ ಸಿಮೆಂಟಿನ ಜಾಲಿ: ಎರಡು ಗೇರುಬೀಜ ಒಂದಕ್ಕೊಂದು ಮುಖ ಮಾಡಿ ನಿಂತದ್ದು, ನಡುವೆ ಒಂದು ಸಣ್ಣ ಗುಂಡು ತೂತು. ಐದು ವರ್ಷ ಅದನ್ನೇ ನೋಡುತ್ತ ಕೂತವರಿಗೆ ಚಂದದ ಕಿಂಡಿ ಎಂದ ಕೂಡಲೇ ಬೇರೆ ಯಾವುದು ನೆನಪಾಗಬೇಕು? ಅಳತೆ ಹಾಕಿ ಬಿಡಿಸಿಕೊಟ್ಟರು. ಅರಬರ ಮನೆಯ ಗೋಡೆಯಲ್ಲಿ ಮಂಗಳೂರಿನ ಗೇರುಬೀಜ ಕೂತಿತು. ಮಾಲೀಕರಿಗೆ ಖುಷಿ, ಹಾಜಿಯವರಿಗೆ ಖುಷಿ, ರಂಜಾನಿನ ಮೊದಲೇ ಕೆಲಸ ಮುಗಿಯಿತು.

ಇಪ್ಪತ್ತು ವರ್ಷ ಕಳೆಯಿತು. ಆ ಪೇಟೆಯನ್ನೆಲ್ಲ ಒಂದು ದೊಡ್ಡ ಕಂಪನಿ ವಹಿಸಿಕೊಂಡಿತು. ಅಲ್ಲಿ ಯಾರು ಹೊಸದಾಗಿ ಏನು ಕಟ್ಟುವುದಿದ್ದರೂ ಅವರ ವಿನ್ಯಾಸ ಸಮಿತಿಯ ಒಪ್ಪಿಗೆ ಬೇಕು. ಹೊಸ ಕಟ್ಟಡ ಹಳೆಯದರ ಜೊತೆ ಹೊಂದುತ್ತದೆಯೇ ಎಂದು ನೋಡುವುದು ಅವರ ಕೆಲಸ. ಕೆಟ್ಟ ಕೆಲಸವೇನಲ್ಲ. ಅವರಿಲ್ಲದಿದ್ದರೆ ಅಲ್ಲೂ ಗಾಜಿನ ಪೆಟ್ಟಿಗೆಗಳೇ ಏಳುತ್ತಿದ್ದವು. ಎತ್ತರ ಎಷ್ಟು, ಬಣ್ಣ ಯಾವುದು, ಕಿಟಕಿ ಎಷ್ಟಗಲ ಎಂದೆಲ್ಲ ಒಂದು ಮಾರ್ಗದರ್ಶಿ ಪುಸ್ತಕ ಮಾಡಿದರು. ಎಸಿಯ ಡಬ್ಬಿ ಕಾಣಬಾರದು, ಟೀವಿಯ ತಟ್ಟೆ ಕಾಣಬಾರದು, ಹೊರಗೆ ಎಲ್ಲ ನೂರು ವರ್ಷ ಹಿಂದಿನಂತೆ ಇರಬೇಕು, ಒಳಗೆ ಮಾತ್ರ ಲಿಫ್ಟ್ ಇರಬೇಕು. ಪುಸ್ತಕ ನಮ್ಮ ಆಫೀಸಿಗೆ ಬಂದಾಗ ನಂಬರು ಹಾಕಿದವಳು ನಾನೇ. ಪುಟ ತಿರುಗಿಸುತ್ತಿದ್ದ ಪೊರ್ಬುಲು ಒಂದು ಕಡೆ ನಿಂತರು, ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

'ಸಾಂಪ್ರದಾಯಿಕ ಕಿಂಡಿ, ಮಾದರಿ ೭' ಎಂದು ಅಲ್ಲಿ ಅಚ್ಚಾಗಿತ್ತು. ತೊಂಬತ್ತೇಳರ ಆ ಮನೆಯದೇ ಫೋಟೋ. ಕೆಳಗೆ ವಿವರಣೆ: ಗಾಳಿ ತುಂಬಿದ ಎರಡು ಹಾಯಿಗಳು, ನಡುವೆ ಒಂದು ಮುತ್ತು, ಮುತ್ತು ತೆಗೆಯುವವರ ಬದುಕಿನ ಸಂಕೇತ.

ಆ ದಿನದಿಂದ ಅದು ನಮ್ಮಿಬ್ಬರ ತಮಾಷೆ. ಚಹಾದ ಹೊತ್ತಿಗೆ ನಾನು, "ಎಂತ ಪೊರ್ಬುಲೇ, ಮುತ್ತು ಹೇಗುಂಟು?" ಎಂದು ಕೇಳುವುದು, ಅವರು "ಹುರಿದು ಉಪ್ಪು ಹಾಕಿದ್ದೇನೆ, ಬೇಕಾ?" ಎನ್ನುವುದು. ವರ್ಷಗಟ್ಟಲೆ ನಡೆಯಿತು. ಪೇಟೆಯಲ್ಲಿ ಹೊಸದಾಗಿ ಎದ್ದ ನಲವತ್ತಕ್ಕೂ ಹೆಚ್ಚು ಕಟ್ಟಡಗಳಿಗೆ ಏಳನೇ ಮಾದರಿಯ ಕಿಂಡಿ ಬಂತು. ಕಾಫಿ ಅಂಗಡಿಯ ಲೋಟದ ಮೇಲೂ ಬಂತು. ಯಾರಿಗೂ ತೊಂದರೆಯಿಲ್ಲದ ಸುಳ್ಳು ಎಂದುಕೊಂಡಿದ್ದೆವು. ನಮ್ಮ ಕಂಪನಿಗಂತೂ ಲಾಭವೇ ಆಗಿತ್ತು. ಆ ಮನೆಯ ಫೋಟೋ ತೋರಿಸಿಯೇ ಇಮ್ತಿಯಾಜ್ ನಮ್ಮನ್ನು ಆ ಪೇಟೆಯ ಒಪ್ಪಿತ ಕನ್ಸಲ್ಟೆಂಟುಗಳ ಪಟ್ಟಿಗೆ ಸೇರಿಸಿದ್ದು.

ಹೋದ ವರ್ಷ ಮೌಝಾ ಅಮ್ಮನ ಕೆಲಸ ಬಂತು. ಈ ದೇಶದವರೇ, ಎಂಬತ್ತರ ಹತ್ತಿರದ ಮುದುಕಿ. ಮಿರ್ದಿಫ್‌ನಲ್ಲಿ ಮಗನ ವಿಲ್ಲಾದಲ್ಲಿದ್ದಾರೆ. ಅಪ್ಪ ಮುತ್ತಿನ ವ್ಯಾಪಾರಕ್ಕೆಂದು ಮುಂಬೈಯಲ್ಲಿದ್ದದ್ದರಿಂದ ಹಿಂದಿ ನಮಗಿಂತ ಚೆನ್ನಾಗಿ ಬರುತ್ತದೆ. ಹಳೇ ಪೇಟೆಯಲ್ಲಿ ಅಪ್ಪನ ಜಾಗವಿತ್ತು. ಮನೆ ಬಿದ್ದು ಎಷ್ಟೋ ವರ್ಷವಾಗಿತ್ತು, ಬಡಗು ದಿಕ್ಕಿನ ಒಂದು ಗೋಡೆ ಮಾತ್ರ ಉಳಿದಿತ್ತು. ಮಗನಿಗೆ ಅಲ್ಲೊಂದು ಸಣ್ಣ ಹೋಟೆಲು ಕಟ್ಟುವ ಆಸೆ. ಅಮ್ಮ ಒಂದೇ ಷರತ್ತಿನ ಮೇಲೆ ಒಪ್ಪಿದರು: ಏನು ಬೇಕಾದರೂ ಕಟ್ಟು, ಅಪ್ಪ ನಿಂತು ಕಟ್ಟಿಸಿದ ಆ ಗೋಡೆ ಇರಬೇಕು.

ಕೆಲಸ ವಹಿಸಿಕೊಂಡವಳು ಸಮೀಕ್ಷಾ. ಅಪ್ಪ ಅಮ್ಮ ಉಡುಪಿಯವರು, ಇವಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಆರ್ಕಿಟೆಕ್ಟ್. ನಾವು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಆದರೆ ತಲೆ ಚುರುಕು. ಗೋಡೆಯನ್ನು ಮಧ್ಯದಲ್ಲಿಟ್ಟುಕೊಂಡೇ ಇಡೀ ಕಟ್ಟಡ ಯೋಚಿಸಿದಳು. ಹೊಸ ಕಿಟಕಿಗಳಿಗೆಲ್ಲ ಆ ಗೋಡೆಯ ಕಿಂಡಿಗಳದೇ ಅಳತೆ. ಗೋಡೆಯ ಅಳತೆ ತೆಗೆಯಲು ಹೋದವರು ಪೊರ್ಬುಲು. ಸೆಪ್ಟೆಂಬರಿನ ಬಿಸಿಲಲ್ಲಿ ಎರಡು ದಿನ. ಬಂದು ಚಹಾ ಕುಡಿಯುತ್ತ ಹೇಳಿದ್ದು ನನಗೆ ಹಾಗೇ ನೆನಪಿದೆ.

"ಹವಳದ ಕಲ್ಲು ಸ್ವರ್ಣಾ. ಸುಣ್ಣದ ಒಳಗೆ ಕಪ್ಪೆಚಿಪ್ಪು ಕಾಣ್ತದೆ. ಹನ್ನೊಂದು ಕಿಂಡಿ ಉಂಟು. ಚಿತ್ತಾರ ಗಿತ್ತಾರ ಎಂತ ಇಲ್ಲ, ಉದ್ದಕ್ಕೆ ಸೀಳಿದ ಹಾಗೆ, ಅಷ್ಟೇ. ಒಂದರ ಹಾಗೆ ಇನ್ನೊಂದಿಲ್ಲ. ನಾನು ಗೋಡೆಯ ಒಳಬದಿಗೆ ನಿಂತಿದ್ದೆ, ಹೊರಗೆ ಎಲೆ ಅಲ್ಲಾಡುದಿಲ್ಲ, ಆದ್ರೂ ಕಿಂಡಿಯಿಂದ ತಣ್ಣಗೆ ಗಾಳಿ ಬರ್ತಿತ್ತು."

ಮೂವತ್ತು ವರ್ಷ ಕಟ್ಟಡ ಬಿಡಿಸಿದ ಮನುಷ್ಯ ಒಂದು ಗೋಡೆಯ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನಕ್ಷೆಗಳು ಸಮಿತಿಗೆ ಹೋದವು. ಅಕ್ಟೋಬರಿನ ಒಂದು ಸೋಮವಾರ ಕಮೆಂಟ್ ಶೀಟ್ ಬಂತು. ಹದಿನಾಲ್ಕು ಆಕ್ಷೇಪ. ಹದಿಮೂರು ಮಾಮೂಲಿ: ಬಣ್ಣ ಸ್ವಲ್ಪ ಬದಲಿಸಿ, ಬೋರ್ಡು ಸಣ್ಣದು ಮಾಡಿ, ಇಂಥವು. ಹನ್ನೊಂದನೆಯದನ್ನು ಓದಿ ಸಮೀಕ್ಷಾ ಎದ್ದೇ ನಿಂತಳು. ಬಡಗು ಗೋಡೆಯ ಕಿಂಡಿಗಳು ಮಾರ್ಗದರ್ಶಿಯ ಯಾವ ಮಾದರಿಗೂ ಹೊಂದುವುದಿಲ್ಲ. ಈ ಬೀದಿಯ ಕಿಂಡಿ ಮಾದರಿ ೭ ಎಂದು ದಾಖಲಾಗಿದೆ. ಆದ್ದರಿಂದ ಈ ಗೋಡೆ ಮೂಲದ್ದಲ್ಲ, ಹಳೆಯ ಕಲ್ಲು ಬಳಸಿ ಆಮೇಲೆ ಕಟ್ಟಿದ್ದು. ತೆಗೆದುಹಾಕಿ ಮಾದರಿ ೭ರಂತೆ ಹೊಸದಾಗಿ ಕಟ್ಟಬೇಕು.

"ದಿಸ್ ಈಸ್ ಮ್ಯಾಡ್, ಅಂಕಲ್!" ಎಂದು ಅವಳು ಪೊರ್ಬುಲರ ಮೇಜಿಗೆ ಹಾಳೆ ತಂದಿಟ್ಟಳು. "ದೇ ವಾಂಟ್ ಮಿ ಟು ಬ್ರೇಕ್ ದಿ ಓನ್ಲಿ ಓಲ್ಡ್ ಥಿಂಗ್!"

ಪೊರ್ಬುಲು ಓದಿದರು. ಮತ್ತೆ ಓದಿದರು. ಅವರ ಮುಖ ಬಿಳುಚಿಕೊಂಡದ್ದನ್ನು ನಾನು ನನ್ನ ಕುರ್ಚಿಯಿಂದಲೇ ನೋಡಿದೆ. ಅವಳಿಗೆ ಹಾಳೆ ಮಡಚಿಕೊಟ್ಟು ಪ್ಯಾಂಟ್ರಿಗೆ ಹೋದರು. ನಾನೂ ಹಿಂದೆಯೇ ಹೋದೆ.

"ನನ್ನ ಗೇರುಬೀಜ ಸ್ವರ್ಣಾ," ಎಂದರು. "ನನ್ನ ಗೇರುಬೀಜಕ್ಕೆ ಹೊಂದುದಿಲ್ಲ ಅಂತ ಆ ಗೋಡೆ ಸುಳ್ಳು ಅಂತೆ."

ನನಗೂ ನಗು ಬರಲಿಲ್ಲ.

"ಆ ತೊಂಬತ್ತೇಳರ ಟ್ರೇಸಿಂಗ್ ಉಂಟಾ ಸ್ಟೋರಲ್ಲಿ?"

"ಉಂಟು," ಎಂದೆ. ಇದ್ದೇ ಇತ್ತು. ತೇದಿ, ಅಳತೆ, ಮೂಲೆಯಲ್ಲಿ ಜೆ.ಎಂ., ಬದಿಯಲ್ಲಿ ಪೆನ್ಸಿಲಿನಲ್ಲಿ ಅವರದೇ ಕೈಬರಹ: 'ಚಿತ್ತಾರ ಡ್ರಾಫ್ಟ್ಸ್‌ಮನ್‌ದು, ಫೋಟೋದಲ್ಲಿ ಕಾಣುವುದಿಲ್ಲ.' ಅದೊಂದನ್ನು ಸಮಿತಿಯ ಮುಂದಿಟ್ಟರೆ ಏಳನೇ ಮಾದರಿ ಮುಗಿಯಿತು, ಗೋಡೆ ಉಳಿಯಿತು. ಇಷ್ಟು ಸುಲಭ.

"ನಾನು ಇಮ್ತಿಯಾಜಿಗೆ ಹೇಳ್ತೇನೆ. ಇವತ್ತೇ."

"ಹುಚ್ಚುಂಟಾ ನಿಮಗೆ?" ಎಂದೆ ನಾನು.

ನಾನು ಹಾಗೆಂದದ್ದಕ್ಕೆ ಕಾರಣವಿತ್ತು. ಪೊರ್ಬುಲರಿಗೆ ಅರವತ್ತು ತುಂಬಿತ್ತು. ಆ ವಯಸ್ಸಿನವರ ವೀಸಾ ನವೀಕರಿಸಲು ಕಂಪನಿ ಮನಸ್ಸು ಮಾಡಬೇಕು. ಇಮ್ತಿಯಾಜ್ ಹೇಗೋ ಒಪ್ಪಿದ್ದರು, ಅರ್ಜಿ ಆ ವಾರವೇ ಹೋಗುವುದಿತ್ತು. ಹೆಂಡತಿ ಎಲ್ಸಿಬಾಯಿಯ ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಅವರಿರುವುದು ಗಂಡನ ವೀಸಾದ ಮೇಲೆ, ಚಿಕಿತ್ಸೆ ನಡೆಯುವುದು ಗಂಡನ ಕಂಪನಿಯ ಇನ್ಶೂರೆನ್ಸಿನ ಮೇಲೆ. ಆ ಫೋಟೋದ ಬಲದಿಂದ ಪಟ್ಟಿಗೆ ಸೇರಿದ ಕಂಪನಿಯ ಮಾಲೀಕನ ಎದುರು ನಿಂತು, ಆ ಫೋಟೋವೇ ಸುಳ್ಳು, ಊರಿಗೆಲ್ಲ ಹೇಳಿ ಬರುತ್ತೇನೆ ಎಂದರೆ ಅವನೇನು ಆರತಿ ಎತ್ತುತ್ತಾನೆಯೇ?

"ಹೇಳಿ, ಬೇಡ ಅಂತ ಹೇಳುದಿಲ್ಲ ನಾನು," ಎಂದೆ. "ಸ್ಟಾಂಪಿಂಗ್ ಆಗಲಿ, ಆಮೇಲೆ ಹೇಳಿ. ಎರಡು ವಾರದ ಮಾತು. ಸಮಿತಿ ಇನ್ನು ಕೂರುವುದು ನವೆಂಬರಲ್ಲಿ. ಗೋಡೆ ಎಲ್ಲಿಗೂ ಓಡಿ ಹೋಗುದಿಲ್ಲ. ಎಂಬತ್ತು ವರ್ಷ ನಿಂತದ್ದು ಇನ್ನು ಹದಿನೈದು ದಿನ ನಿಲ್ಲುದಿಲ್ವಾ?"

ಈಗ ಪಾಸ್‌ಪೋರ್ಟಿಗೆ ವೀಸಾದ ಸ್ಟಾಂಪ್ ಹೊಡೆಯುವ ಪದ್ಧತಿಯೇ ಇಲ್ಲ, ಐಡಿ ಕಾರ್ಡು ಕೈಗೆ ಬಂದರೆ ಆಯಿತು. ಆದರೂ ನಾವೆಲ್ಲ ಸ್ಟಾಂಪಿಂಗ್ ಎಂದೇ ಹೇಳುವುದು. ಇಲ್ಲಿ ನಮ್ಮ ಎಲ್ಲ ಲೆಕ್ಕ ಅದರದ್ದೇ. ಮಗಳ ಮದುವೆ ಮಾತು, ಊರಿನ ಪ್ರಯಾಣ, ಕೆಲಸ ಬಿಡುವುದು, ಜಗಳ ಮಾಡುವುದು, ಎಲ್ಲವೂ ಸ್ಟಾಂಪಿಂಗ್ ಆದ ಮೇಲೆ. ಗೋಡೆಯ ವಿಷಯವನ್ನೂ ನಾನು ಅದೇ ಲೆಕ್ಕಕ್ಕೆ ಸೇರಿಸಿದೆ. ಪೊರ್ಬುಲು ಲೋಟ ತೊಳೆದಿಟ್ಟರು.

"ಎರಡು ವಾರ ಅಲ್ವಾ?"

"ಎರಡೇ ವಾರ."

"ಆಯ್ತು," ಎಂದರು. ಎಲ್ಸಿಬಾಯಿಯ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಎರಡು ವಾರ ಅವರು ನೆಲ ನೋಡಿಕೊಂಡೇ ಓಡಾಡಿದರು. ಗುರುವಾರ ವೀಸಾದ ಮೆಡಿಕಲ್‌ಗೆ ಹೋಗಿ ರಕ್ತ ಕೊಟ್ಟು ಬಂದರು. ಸಮೀಕ್ಷಾ ಅತ್ತ ಒಬ್ಬಳೇ ಹೋರಾಡುತ್ತಿದ್ದಳು. ಆ ಬೀದಿಯ ಹಳೆಯ ಫೋಟೋ ಹುಡುಕಲು ಲೈಬ್ರರಿಗೆ ಅಲೆದಳು, ವಿಶ್ವವಿದ್ಯಾಲಯದ ಯಾರಿಗೋ ಬರೆದಳು. ಏನೂ ಸಿಗಲಿಲ್ಲ. "ಅಂಕಲ್, ನೀವು ಮೆಷರ್ ಮಾಡಿದ್ದೀರಲ್ಲ, ಯು ಥಿಂಕ್ ಇಟ್ಸ್ ಒರಿಜಿನಲ್, ರೈಟ್?" ಎಂದು ಒಮ್ಮೆ ಕೇಳಿದಳು. ಅವರು ಹೌದು ಎಂದು ತಲೆಯಾಡಿಸಿ ಸ್ಕ್ರೀನಿನ ಕಡೆ ತಿರುಗಿದರು. ಅವಳು ಹುಡುಕುತ್ತಿದ್ದ ಕಾಗದ ಅವಳ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ ದೂರದ ಸ್ಟೋರಿನಲ್ಲಿತ್ತು, ಬೀಗದ ಕೈ ನನ್ನ ಡ್ರಾಯರಿನಲ್ಲಿ. ಮೂರು ಸಲ ನನ್ನ ಬಾಯಿಗೆ ಬಂತು. ಮೂರು ಸಲವೂ ನುಂಗಿಕೊಂಡೆ.

ಎರಡನೇ ವಾರದ ಗುರುವಾರ ಉತ್ತರ ಕೊಡುವ ಗಡುವು. ಹನ್ನೊಂದನೆಯದಕ್ಕೆ 'ಒಪ್ಪಿಗೆಯಿಲ್ಲ' ಎಂದು ಬರೆಯಬೇಕೆಂದು ಸಮೀಕ್ಷಾ ಹಟ ಹಿಡಿದಳು. ಇಮ್ತಿಯಾಜ್ ಕೇಳಲಿಲ್ಲ.

"ಪ್ರೂಫ್ ಎಂತ ಉಂಟು ನಿನ್ನತ್ರ? ಎಂತದೂ ಇಲ್ಲ. ಕ್ಲೈಂಟಿನ ಮಗ ಸಹ ಆಯ್ತು ಅಂದಿದ್ದಾರೆ. ಖಲಾಸ್, ಕಂಪ್ಲೈಡ್ ಅಂತ ಹಾಕು."

ಕಂಪ್ಲೈಡ್, ಅಂದರೆ ಹೇಳಿದ ಹಾಗೆ ಮಾಡಿದ್ದೇವೆ. ಆ ಉತ್ತರವನ್ನು ಸಮಿತಿಗೆ ಅಪ್ಲೋಡ್ ಮಾಡಬೇಕಾದವಳು ನಾನು. ಪೊರ್ಬುಲು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಇರ್ಲಿ ಬಿಡಿ," ಎಂದು ನಾನೇ ಸಣ್ಣ ದನಿಯಲ್ಲಿ ಹೇಳಿದೆ. "ಐಡಿ ಬಂದ ಕೂಡಲೇ ರಿವಿಷನ್ ಕಳಿಸುವಾ. ರಿವಿಷನ್ ಕಳಿಸ್ಲಿಕ್ಕೆ ಎಂತ ಕಷ್ಟ?"

ಇಪ್ಪತ್ತೊಂದು ವರ್ಷ ಕಾಗದದ ನಡುವೆ ಬದುಕಿದವಳ ಬುದ್ಧಿ ಅದು. ಕಾಗದದಲ್ಲಿ ಎಲ್ಲದಕ್ಕೂ ರಿವಿಷನ್ ಇದೆ. ರಿವಿಷನ್ ಒಂದು ತಪ್ಪಾದರೆ ಎರಡು, ಎರಡು ತಪ್ಪಾದರೆ ಮೂರು. ಹದಿಮೂರನೇ ರಿವಿಷನ್ನಿನ ನಕ್ಷೆಗಳನ್ನೂ ನಾನು ಕಳಿಸಿದ್ದೇನೆ. ಕಣ್ಣು ಮುಚ್ಚಿಕೊಂಡು ಬಟನ್ ಒತ್ತಿದೆ.

ಎಲ್ಲ ಆಕ್ಷೇಪಕ್ಕೂ ಒಪ್ಪಿದ್ದರಿಂದ ನವೆಂಬರಿನ ಸಭೆಯವರೆಗೆ ಕಾಯುವುದೇ ಬೇಡ ಎಂದು ಸಮಿತಿಯ ಯಾರೋ ತೀರ್ಮಾನಿಸಿದರು. ಶುಕ್ರವಾರ ಮಧ್ಯಾಹ್ನದೊಳಗೆ ಒಪ್ಪಿಗೆ ಬಂತು. ಇಲ್ಲಿ ಶುಕ್ರವಾರ ಅರ್ಧ ದಿನದ ಕೆಲಸ, ಆ ಹೊತ್ತಿಗೆ ಆಫೀಸು ಖಾಲಿ, ನಾನು ಕಾರಿನಲ್ಲಿದ್ದೆ. ಮೇಲ್ ನೋಡಿದ್ದು ಸೋಮವಾರ ಬೆಳಿಗ್ಗೆ. ಕಂಟ್ರಾಕ್ಟರನಿಗೆ ಅದು ಶುಕ್ರವಾರವೇ ಸಿಕ್ಕಿತ್ತು. ಅವನ ಜೆಸಿಬಿ ಪಕ್ಕದ ಬೀದಿಯಲ್ಲಿ ಕೆಲಸವಿಲ್ಲದೆ ನಿಂತಿತ್ತಂತೆ.

ನಾನು ಪೊರ್ಬುಲರನ್ನು ಕರೆದು ಮೇಲ್ ತೋರಿಸಿದೆ. ಅವರು ಲಿಫ್ಟಿಗೂ ಕಾಯದೆ ಮೂರು ಮಹಡಿ ಇಳಿದು ಟ್ಯಾಕ್ಸಿ ಹಿಡಿದರು. ಹಿಂದಿನಿಂದ ನಾನೂ ಸಮೀಕ್ಷಾಳೂ ಅವಳ ಕಾರಿನಲ್ಲಿ ಹೋದೆವು. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದೆ: ಗೇರುಬೀಜ, ಟ್ರೇಸಿಂಗ್, ವೀಸಾ. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಟೂ ವೀಕ್ಸ್, ಆಂಟಿ?" ಎಂದಳು. "ಯು ಬೋತ್ ನ್ಯೂ ಫಾರ್ ಟೂ ವೀಕ್ಸ್?" ಆಮೇಲೆ ಇವತ್ತಿನವರೆಗೂ ಕೆಲಸದ ಮಾತು ಬಿಟ್ಟು ಬೇರೆ ಮಾತನ್ನು ಅವಳು ನನ್ನೊಡನೆ ಆಡಿಲ್ಲ.

ನಾವು ಹೋಗುವಾಗ ಧೂಳು ಕೂಡ ಅಡಗಿತ್ತು. ಬೀಳಿಸಲು ನಲವತ್ತು ನಿಮಿಷ ಸಾಕಾಯಿತಂತೆ. ಕಲ್ಲುಗಳನ್ನು ಲಾರಿಗೆ ತುಂಬಿಸುತ್ತಿದ್ದರು. ಪೊರ್ಬುಲು ಬೇಲಿಯ ತಗಡಿಗೆ ಕೈಯೂರಿ ನಿಂತಿದ್ದರು. ಅವರು ಅಳುತ್ತಿದ್ದರು. ಅರವತ್ತು ವರ್ಷದ ಗಂಡಸು ನಡುಬೀದಿಯಲ್ಲಿ ಶಬ್ದ ಮಾಡಿ ಅಳುವುದನ್ನು ನೋಡಿ ಲಾರಿಯ ಕೆಲಸಗಾರರು ಕೈ ನಿಲ್ಲಿಸಿದರು. ಅಷ್ಟರಲ್ಲಿ ನನಗೆ ಫೋನು ಬಂತು. ಆಫೀಸಿನಿಂದ. ಕೊರಿಯರಿನವನು ಬಂದಿದ್ದಾನೆ, ಜುವಾಕಿಮರ ಐಡಿ ಕಾರ್ಡು ಬಂದಿದೆ, ಯಾರು ಸಹಿ ಹಾಕಬೇಕು ಎಂದು ಕೇಳಿದರು.

ಆ ಮಧ್ಯಾಹ್ನವೇ ಪೊರ್ಬುಲು ಇಮ್ತಿಯಾಜರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಇಮ್ತಿಯಾಜ್ ತಲೆ ಹಿಡಿದುಕೊಂಡರು.

"ಮೊದ್ಲೇ ಹೇಳ್ಬಹುದಿತ್ತಲ್ಲ ಪೊರ್ಬುಲೇ," ಎಂದರು. "ಬಾಪ ಕರ್ಕೊಂಡು ಬಂದ ಜನ ನೀವು. ನಾನು ನಿಮ್ಮ ವೀಸಾ ಕ್ಯಾನ್ಸಲ್ ಮಾಡ್ತಿದ್ದೆನಾ?"

ಮಾಡುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಗೋಡೆ ಬಿದ್ದ ಮೇಲೆ ದೊಡ್ಡ ಮನಸ್ಸು ತೋರಿಸುವುದು ಸುಲಭ. ನನಗೆ ಸಿಟ್ಟು ಬಂತು. ಆದರೆ ಅವರ ಮಾತು ನಿಜವೂ ಇರಬಹುದು ಎಂಬ ಯೋಚನೆ ಅದಕ್ಕಿಂತ ಹೆಚ್ಚು ಚುಚ್ಚಿತು. ನಿಜವಾಗಿದ್ದರೆ ನಾವು ಕಾದದ್ದು ಯಾತಕ್ಕೂ ಅಲ್ಲ.

ಪೊರ್ಬುಲು ಅಲ್ಲಿಗೆ ಬಿಡಲಿಲ್ಲ. ಟ್ರೇಸಿಂಗ್ ಸುತ್ತಿಕೊಂಡು ಸಮಿತಿಯ ಮುಂದೆಯೂ ಹೋದರು. ಸಮಿತಿಯ ಹಿರಿಯರು ಪರದೇಶದವರು, ಬಿಳಿಗೂದಲಿನ ಸಭ್ಯ ಮನುಷ್ಯ. ಟ್ರೇಸಿಂಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ, ಸುಂದರವಾದ ಕೈ ಎಂದು ಹೊಗಳಿದರಂತೆ. ಈಗ ಪೇಟೆಯ ತುಂಬ ಇದೇ ಕಿಂಡಿ ಇದೆ, ಜನ ಪೇಟೆಯನ್ನು ಗುರುತಿಸುವುದೇ ಇದರಿಂದ, ತೆಗೆಯುವುದು ಸಾಧ್ಯವಿಲ್ಲ, ಮುಂದಿನ ಆವೃತ್ತಿಯಲ್ಲಿ ಒಂದು ಅಡಿಟಿಪ್ಪಣಿ ಹಾಕೋಣ ಎಂದರಂತೆ. ಮೌಝಾ ಅಮ್ಮನ ಹೋಟೆಲಿನ ಬಡಗು ಗೋಡೆಗೆ ಏಳನೇ ಮಾದರಿಯ ಹನ್ನೊಂದು ಕಿಂಡಿ ಬೇಕಿತ್ತು. ಆಫೀಸಿನಲ್ಲಿ ಅದನ್ನು ಬಿಡಿಸುವ ಕೈ ಇದ್ದದ್ದು ಒಂದೇ. ಪೊರ್ಬುಲು ಬಿಡಿಸಿಕೊಟ್ಟರು. ನಾನು ನಂಬರು ಹಾಕಿದೆ.

ಮರುವಾರ ಅವರು ನನ್ನ ಮೇಜಿನ ಹತ್ತಿರ ಬಂದರು.

"ನಾನು ಆ ಅಮ್ಮನನ್ನು ನೋಡಿ ಬರ್ತೇನೆ. ಒಬ್ಬನೇ ಹೋಗ್ಲಿಕ್ಕೆ ಧೈರ್ಯ ಇಲ್ಲ. ನೀವು ಬರ್ತೀರಾ?"

ಬರುವುದಿಲ್ಲ ಎನ್ನಲು ನನಗೆ ಯಾವ ಬಾಯಿಯಿತ್ತು? ಹೋದೆ.

ಮಿರ್ದಿಫ್‌ನ ಆ ವಿಲ್ಲಾದ ಬೈಠಕ್ಕಿನಲ್ಲಿ ಮೌಝಾ ಅಮ್ಮ ನಮ್ಮನ್ನು ಕೂರಿಸಿಕೊಂಡರು. ಖರ್ಜೂರ ಬಂತು, ಸಣ್ಣ ಲೋಟದಲ್ಲಿ ಏಲಕ್ಕಿಯ ಕಾಫಿ ಬಂತು. ಗೋಡೆ ಹೋದದ್ದು ಅವರಿಗೆ ಮಗನಿಂದ ಗೊತ್ತಾಗಿತ್ತು. ಹಳೆಯದಲ್ಲವಂತೆ, ದೊಡ್ಡ ದೊಡ್ಡ ಜನ ಪರೀಕ್ಷೆ ಮಾಡಿ ಹೇಳಿದ್ದಾರಂತೆ ಎಂದು ಮಗ ತಿಳಿಸಿದ್ದ. "ನನಗೇ ನೆನಪು ತಪ್ಪಿರಬೇಕು ಎಂದುಕೊಂಡೆ," ಎಂದು ಅವರು ಹಿಂದಿಯಲ್ಲಿ ಹೇಳಿದರು. "ವಯಸ್ಸಾಯಿತಲ್ಲ. ಅಪ್ಪ ಕಟ್ಟಿಸಿದ್ದು ಬೇರೆ ಯಾವ ಗೋಡೆಯೋ ಎಂದುಕೊಂಡೆ."

ಅದನ್ನು ಕೇಳಿ ಪೊರ್ಬುಲು ಲೋಟ ಕೆಳಗಿಟ್ಟು, ತಮಗೆ ಬರುವ ಹಿಂದಿಯಲ್ಲಿ ಒಂದೂ ಬಿಡದೆ ಹೇಳಿದರು. ಫ್ಯಾಕ್ಟರಿಯ ಜಾಲಿ, ತೊಂಬತ್ತೇಳು, ಪುಸ್ತಕ, ಹನ್ನೊಂದನೇ ಆಕ್ಷೇಪ. "ನಿಮ್ಮ ನೆನಪು ತಪ್ಪಲಿಲ್ಲ ಅಮ್ಮಾ. ಗೋಡೆ ನಿಮ್ಮ ಅಪ್ಪನದೇ. ಸುಳ್ಳು ನನ್ನದು."

ಅಮ್ಮ ಮುಖದ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡರು. ಬಯ್ಯಲಿಲ್ಲ, ಕೂಗಲಿಲ್ಲ.

"ಕಬ್ ಮಾಲೂಮ್ ಹುವಾ ತುಮ್‌ಕೋ?" ಎಂದು ಕೇಳಿದರು.

ಗೋಡೆ ಬಿದ್ದ ಮೇಲೆ ಗೊತ್ತಾಯಿತು ಎಂದು ಹೇಳಬಹುದಿತ್ತು. ಆ ಮುದುಕಿಗೆ ಯಾರು ಹೋಗಿ ಬೇರೆ ಹೇಳುತ್ತಿದ್ದರು? ಹಾಗೇ ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೋಡೆ ಬೀಳುವುದಕ್ಕೆ ಹದಿನಾಲ್ಕು ದಿನ ಮೊದಲು," ಎಂದರು ಪೊರ್ಬುಲು.

"ಹದಿನಾಲ್ಕು ದಿನ," ಎಂದರು ಅಮ್ಮ. "ಸುಮ್ಮನಿರು ಎಂದು ನಿನಗೆ ಯಾರಾದರೂ ಹೇಳಿದರಾ?"

ಪೊರ್ಬುಲು ನನ್ನ ಕಡೆ ನೋಡಲಿಲ್ಲ. ಎಲ್ಸಿಬಾಯಿಯ ಹೆಸರನ್ನೂ ತೆಗೆಯಲಿಲ್ಲ.

"ನಹೀ ಅಮ್ಮಾ. ಕೋಯೀ ನಹೀ. ನಾನೇ."

ಆಗ ಅಮ್ಮ ನನ್ನ ಕಡೆ ತಿರುಗಿದರು. ಆವರೆಗೆ ನಾನೊಬ್ಬಳು ಅಲ್ಲಿ ಕೂತದ್ದು ಅವರ ಗಮನಕ್ಕೆ ಬಂದಿರಲಿಲ್ಲವೇನೋ.

"ಔರ್ ತುಮ್? ನೀನು ಯಾರಮ್ಮ?"

"ಅದೇ ಆಫೀಸಿನವಳು," ಎಂದೆ. "ಇವರ ಜೊತೆಗೆ ಬಂದೆ, ಅಷ್ಟೇ."